ಸ್ಟುಡಿಯೋದ ಡ್ರಮ್ಸ್ ವೇದಿಕೆಯಲ್ಲಿ ಯಾಕೆ ತಡವರಿಸುತ್ತದೆ?

ಕಂಪ್ಯೂಟರಿನೊಳಗಿನ ಡ್ರಮ್ಸ್ ಬಗ್ಗೆ ಮಾತು ಶುರುವಾದರೆ ಬೇಗ ಜಗಳಕ್ಕೆ ತಿರುಗುತ್ತದೆ. ಅದರಲ್ಲಿ ಜೀವ ಇಲ್ಲ ಅಂತ ಒಬ್ಬರು. ನೀವು ದಿನಾ ಕೇಳುವ ಹಾಡುಗಳಲ್ಲಿ ಇರುವುದು ಅದೇ ಅಲ್ವಾ ಅಂತ ಇನ್ನೊಬ್ಬರು. ಇಬ್ಬರ ಮಾತೂ ಸರಿಯೇ. ಒಬ್ಬರು ವೇದಿಕೆಯ ಬಗ್ಗೆ ಹೇಳುತ್ತಿದ್ದಾರೆ, ಇನ್ನೊಬ್ಬರು ಸ್ಟುಡಿಯೋ ಬಗ್ಗೆ. ಈ ಎರಡು ಹೇಗೆ ಕಲಸಿಹೋದವು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಮೊದಲ ತಾಳಯಂತ್ರಗಳು ಸ್ಟುಡಿಯೋಗೆ ಅಂತ ಹುಟ್ಟಿದ್ದಲ್ಲ. 1959ರ ವುರ್ಲಿಟ್ಜರ್ ಸೈಡ್‌ಮ್ಯಾನ್ ಇದ್ದದ್ದು ಆರ್ಗನ್ ನುಡಿಸುವವರಿಗೆ ಜೊತೆ ಕೊಡಲು. 1980ರಲ್ಲಿ ರೋಜರ್ ಲಿನ್ ಅವರ ಎಲ್‌ಎಂ-1 ಬಂತು. ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಅದರ ಚಿಪ್ಪಿನಲ್ಲಿತ್ತು. ಕ್ರ್ಯಾಶ್, ರೈಡ್ ಸಿಂಬಲ್ ಅನ್ನುವ ದೊಡ್ಡ ಲೋಹದ ತಟ್ಟೆಗಳು ಮಾತ್ರ ಇರಲಿಲ್ಲ, ಅಷ್ಟು ಉದ್ದದ ನಾದ ತುಂಬಿಸಲು ಆಗಿನ ಮೆಮೊರಿ ಸಾಲುತ್ತಿರಲಿಲ್ಲ. 1983ರಲ್ಲಿ ಮಿಡಿ ಅನ್ನುವ ಸಂಕೇತಭಾಷೆ ಬಂದು ಯಂತ್ರಗಳು ಒಂದಕ್ಕೊಂದು ಮಾತಾಡತೊಡಗಿದವು. ಸಂಗೀತದ ಪ್ರೋಗ್ರಾಂಗೆ ಬೇರೆ ಸಾಫ್ಟ್‌ವೇರ್ ಸಿಕ್ಕಿಸುವ ವಿಎಸ್‌ಟಿ ಪದ್ಧತಿಯ ಎರಡನೇ ಆವೃತ್ತಿ 1999ರಲ್ಲಿ ಬಂದ ಮೇಲೆ, ವಾದ್ಯವೇ ಹಾಗೆ ಸಿಕ್ಕಿಸುವ ಒಂದು ಪ್ಲಗಿನ್ ಆಗಿ ಕಂಪ್ಯೂಟರಿನೊಳಗೆ ಕೂತಿತು.

ಇಲ್ಲಿಂದ ಮುಂದಿನ ಕೆಲವು ವರ್ಷಗಳೇ ಈ ಕಥೆಯ ಮುಖ್ಯ ಭಾಗ. ಅಲ್ಲಿಯವರೆಗಿನ ಹೆಚ್ಚಿನ ಯಂತ್ರಗಳಲ್ಲಿ ಸ್ನೇರ್ ಅನ್ನುವ ಚುರುಕು ಸದ್ದಿನ ಡ್ರಮ್ಮಿಗೆ ಒಂದೇ ಸದ್ದು. ವೇಗವಾಗಿ ರೋಲ್ ಹೊಡೆದರೆ ಅದೇ ಸದ್ದು ಮತ್ತೆ ಮತ್ತೆ ಬಂದು ಮೆಷಿನ್ ಗನ್ ತರಹ ಕೇಳುತ್ತಿತ್ತು. 2003ರ ಹೊತ್ತಿಗೆ ಬಂದ ಬಿಎಫ್‌ಡಿಯಂಥ ಸಾಫ್ಟ್‌ವೇರ್‌ಗಳು ಇದನ್ನು ಬಗೆಹರಿಸಲು ಹೊರಟವು. ಮೆಲ್ಲಗಿನ ಪೆಟ್ಟು, ಜೋರು ಪೆಟ್ಟು, ನಡುವಿನ ಹತ್ತಾರು ಪೆಟ್ಟು, ಎಲ್ಲವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿದರು. ಒಂದೇ ಬಲದ ಪೆಟ್ಟನ್ನೂ ಹಲವು ಸಲ ರೆಕಾರ್ಡ್ ಮಾಡಿ ಸರದಿಯಲ್ಲಿ ಕೇಳಿಸಿದರು. ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆ ಹೈ-ಹ್ಯಾಟ್ ಎಷ್ಟು ತೆರೆದಿದೆ ಅನ್ನುವುದಕ್ಕೂ ಹಂತಗಳು. ಸ್ನೇರ್ ಹೊಡೆದಾಗ ಮೇಲಿನ ಮೈಕಿಗೆ, ಕೋಣೆಯ ಮೈಕಿಗೆ ಹೋಗುವ ಸದ್ದನ್ನೂ ಬಿಡಲಿಲ್ಲ. 2017ರ ಸುಪೀರಿಯರ್ ಡ್ರಮ್ಮರ್ 3ರಲ್ಲಿ ಇಂಥ ಸದ್ದುಗಳೇ ಸುಮಾರು 230 ಜಿಬಿ ತುಂಬಿವೆ. ಈ ಕೆಲಸದ ಹಿಂದಿನ ತಾಳ್ಮೆ ದೊಡ್ಡದು. ಒಳ್ಳೆಯ ಕೋಣೆಯಲ್ಲಿ ಡ್ರಮ್ಸ್ ರೆಕಾರ್ಡ್ ಮಾಡಲು ಆಗದ ಎಷ್ಟೋ ಜನರ ಕೈಗೆ ಅದು ಆ ನಾದವನ್ನು ಕೊಟ್ಟಿತು.

ಆದರೆ ಈ ಎಲ್ಲ ಯೋಚನೆಯೂ ಸ್ಟುಡಿಯೋದ್ದು. ಅಲ್ಲಿ ಕಾಲ ನಮ್ಮ ಕೈಯಲ್ಲಿರುತ್ತದೆ. ನೋಟ್ ಮೊದಲೇ ಬರೆದಿರುತ್ತದೆ, ಸಾಫ್ಟ್‌ವೇರ್‌ಗೆ ಮುಂದೇನು ಅಂತ ಗೊತ್ತಿರುತ್ತದೆ. ಪ್ಲಗಿನ್ ತಡ ಮಾಡಿದರೆ ರೆಕಾರ್ಡಿಂಗ್ ಪ್ರೋಗ್ರಾಂ ಅದನ್ನು ಲೆಕ್ಕ ಹಾಕಿ ಸರಿದೂಗಿಸುತ್ತದೆ. ಸದ್ದನ್ನು ಹೊರಬಿಡುವ ಮೊದಲು ಕಂಪ್ಯೂಟರ್ ಸೇರಿಸಿಟ್ಟುಕೊಳ್ಳುವ ತುಣುಕನ್ನು, ಅಂದರೆ ಬಫರನ್ನು, 1024 ಸ್ಯಾಂಪಲ್ ಇಟ್ಟರೂ ತೊಂದರೆಯಿಲ್ಲ. ವೇದಿಕೆಯಲ್ಲಿ, 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ, ಅದೇ 1024 ಅಂದರೆ ಸುಮಾರು 23 ಮಿಲಿಸೆಕೆಂಡ್ ತಡ. ಕೋಲಿನಿಂದ ಹೊಡೆಯುವ ಎಲೆಕ್ಟ್ರಾನಿಕ್ ಪ್ಯಾಡ್ ಪೆಟ್ಟನ್ನು ಗುರುತಿಸಲು ತೆಗೆದುಕೊಳ್ಳುವ ಹೊತ್ತು ಇದಕ್ಕೆ ಸೇರುತ್ತದೆ. ಕೋಲು ತಾಗಿದ್ದು ಈಗ, ಸದ್ದು ಬಂದಿದ್ದು ಆಮೇಲೆ ಅಂತ ಕೈಗೆ ತಿಳಿಯುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು, ಹಾಗಾಗಿ ಅಷ್ಟು ತಡ ಯಾರಿಗೂ ಕಾಡುವುದಿಲ್ಲ. ಬಫರ್ 128ಕ್ಕೆ ಇಳಿಸಿದರೆ ಅದರ ಪಾಲಿನ ತಡ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಆದರೆ ಆಗ ಪ್ರೊಸೆಸರ್ ಮೇಲೆ ಹೊರೆ ಜಾಸ್ತಿ, ಸದ್ದು ಚಟಚಟ ಅನ್ನಬಹುದು. ಸ್ಟುಡಿಯೋದಲ್ಲಿ ಹಾಗಾದರೆ ನಿಲ್ಲಿಸಿ ಮತ್ತೆ ಕೇಳುತ್ತೇವೆ. ಹಾಡಿನ ನಡುವೆ ಏನು ಮಾಡುವುದು?

ಇನ್ನೊಂದು ತೊಡಕಿನ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಕೋಣೆಯ ಸದ್ದು ಸೇರಿಸಿದ ಡ್ರಮ್ ಕಿಟ್ ಹೆಡ್‌ಫೋನಿನಲ್ಲಿ ಚೆನ್ನಾಗಿರುತ್ತದೆ. ಅದನ್ನೇ ದೊಡ್ಡ ಸಭಾಂಗಣದಲ್ಲಿ ಬಿಟ್ಟರೆ ಕೋಣೆಯ ಮೇಲೆ ಕೋಣೆ ಸೇರಿ, ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಾದ ಕಿಕ್ ಮಸುಕಾಗುತ್ತದೆ. ಸೌಂಡ್ ಇಂಜಿನಿಯರ್‌ಗೆ ಕಿಕ್, ಸ್ನೇರ್, ಸಿಂಬಲ್ ಬೇರೆ ಬೇರೆ ಬೇಕು. ಲ್ಯಾಪ್‌ಟಾಪಿನಿಂದ ಎಲ್ಲ ಸೇರಿದ ಎರಡೇ ತಂತಿ ಬಂದರೆ ಅವರಿಗೆ ತಿದ್ದಲು ಏನೂ ಉಳಿಯುವುದಿಲ್ಲ.

ಹೀಗಾಗಿ ಎಷ್ಟೋ ತಂಡಗಳು ಸುಲಭದ ದಾರಿ ಹಿಡಿದವು. ಡ್ರಮ್ಸ್ ಭಾಗವನ್ನು ಮೊದಲೇ ರೆಕಾರ್ಡ್ ಮಾಡಿಕೊಂಡು, ಕಿವಿಯಲ್ಲಿ ತಾಳ ತೋರಿಸುವ ಕ್ಲಿಕ್ ಸದ್ದು ಹಾಕಿಕೊಂಡು, ಅದರ ಜೊತೆ ನುಡಿಸುವುದು. ಸದ್ದು ಚೊಕ್ಕವಾಗಿರುತ್ತದೆ, ತಡವೂ ಇಲ್ಲ. ಆದರೆ ಹಾಡುವವರು ಒಂದು ಸಾಲನ್ನು ಇನ್ನೊಮ್ಮೆ ಹಾಡಬೇಕು ಅಂದುಕೊಂಡರೆ ಟ್ರ್ಯಾಕ್ ಕಾಯುವುದಿಲ್ಲ. ಜನರ ಮುಂದೆ ನುಡಿಸುವುದರಲ್ಲಿ ಇರುವ ದೊಡ್ಡ ಸುಖ, ಆ ಕ್ಷಣಕ್ಕೆ ಹಾಡನ್ನು ತಿರುಗಿಸುವ ಸುಖ, ಅಲ್ಲೇ ಹೋಗಿಬಿಡುತ್ತದೆ. ಇನ್ನು ಕೆಲವರು ನಿಜವಾದ ಡ್ರಮ್ಮಿಗೇ ಪೆಟ್ಟನ್ನು ಗುರುತಿಸುವ ಟ್ರಿಗರ್ ಸಿಕ್ಕಿಸಿ, ಬೇಕಾದ ಕಡೆ ಮಾತ್ರ ರೆಕಾರ್ಡ್ ಮಾಡಿದ ಸದ್ದು ಸೇರಿಸಿಕೊಂಡರು. ತೂಕ ಹೊರುವುದು, ಜೋಡಿಸುವುದು ಎಲ್ಲ ಜಾಸ್ತಿಯೇ. ಆದರೂ ಕೈ ನಿಂತರೆ ಡ್ರಮ್ಸ್ ನಿಲ್ಲುತ್ತದೆ, ಕೈ ಓಡಿದರೆ ಓಡುತ್ತದೆ.

ಪೂರ್ತಿ ಸಾಫ್ಟ್‌ವೇರನ್ನೇ ವೇದಿಕೆಗೆ ತರುವವರು ಈಗ ಸ್ಟುಡಿಯೋ ಕಿಟ್ಟನ್ನು ಹಾಗೇ ಎತ್ತಿ ತರುವುದಿಲ್ಲ. ಅದರ ಇನ್ನೊಂದು ಪ್ರತಿ ಮಾಡಿ, ಕೋಣೆಯ ಮೈಕುಗಳನ್ನು ಆಫ್ ಮಾಡಿ, ಪೆಟ್ಟಿನ ಹಂತಗಳನ್ನು ಕಡಿಮೆ ಮಾಡಿ, ಉಳಿದದ್ದನ್ನು ಡಿಸ್ಕಿನಿಂದ ಓದದೆ ಪೂರ್ತಿ ಮೆಮೊರಿಗೆ ತುಂಬುತ್ತಾರೆ. ಕಂಪ್ಯೂಟರಿನ ಸದ್ದನ್ನು ಹೊರಗೆ ಕಳಿಸುವ, ಔಟ್‌ಪುಟ್ ಜಾಸ್ತಿ ಇರುವ ಇಂಟರ್‌ಫೇಸ್ ಹಾಕಿ ಕಿಕ್, ಸ್ನೇರನ್ನು ಬೇರೆಯಾಗಿ ಕಳಿಸುತ್ತಾರೆ. ಹೀಗೆ ಇಳಿಸಿದ ಕಿಟ್ ಒಂಟಿಯಾಗಿ ಕೇಳಿದರೆ ಸಪ್ಪೆ ಅನ್ನಿಸಬಹುದು. ಬಾಸ್, ಗಿಟಾರ್ ಜೊತೆ ಸೇರಿದಾಗ ಆ ಕೊರತೆ ಗೊತ್ತೇ ಆಗುವುದಿಲ್ಲ.

ಕೋಲಿನ ಬದಲು ಹಿಡಿಯುವ ಬ್ರಷ್ ಮಾತ್ರ ಇದಕ್ಕೆ ಇನ್ನೂ ಪೂರ್ತಿ ಒಗ್ಗಿಲ್ಲ. ಮಿಡಿಗೆ ತಿಳಿಯುವುದು ಪೆಟ್ಟು, ಅದರ ಬಲ 1ರಿಂದ 127ರೊಳಗಿನ ಒಂದು ಅಂಕಿ. ಸ್ನೇರ್ ಮೇಲೆ ಬ್ರಷ್ಷನ್ನು ಸುತ್ತಾಡಿಸುವುದರಲ್ಲಿ ಪೆಟ್ಟೇ ಇಲ್ಲ, ಇರುವುದು ಸವರುವುದು. ಸ್ಟುಡಿಯೋದಲ್ಲಿ ಹಾಗೆ ಸವರಿದ ರೆಕಾರ್ಡಿಂಗನ್ನು ತಂದು ತಾಳಕ್ಕೆ ಜೋಡಿಸಿದರೆ ಸಾಕು. ವೇದಿಕೆಯಲ್ಲಿ ಬ್ರಷ್ ಹಿಡಿಯುವವರು ಈಗಲೂ ಹೆಚ್ಚಾಗಿ ಪ್ಯಾಡುಗಳ ಪಕ್ಕದಲ್ಲಿ ಒಂದು ನಿಜವಾದ ಸ್ನೇರ್ ಇಟ್ಟುಕೊಂಡು, ಅದಕ್ಕೊಂದು ಮೈಕ್ ಹಾಕುತ್ತಾರೆ.