ಪದ ಪರಿಚಯ: ಕ್ಲಚ್ ಡ್ರ್ಯಾಗ್

ತಿಪಟೂರಿನ ಕೊಬ್ಬರಿ ಹೊತ್ತು ಹಣ್ಣಾದ ಹಳೆಯ ಟಾಟಾ 1210 ಲಾರಿಗೆ ಬೇರೆ ಎಂಜಿನ್ ಕೂರಿಸಿದ ಮೇಲೆ ಗೇರು ಬೀಳದಿದ್ದರೆ, 'ಕ್ಲಚ್ ಹೋಗಿದೆ' ಎಂದುಬಿಡುತ್ತೇವೆ. ತೊಡಕು ಇರುವುದು ಈ ಮಾತಿನಲ್ಲೇ. ಎಂಜಿನ್ನನ್ನು ಗೇರ್ ಬಾಕ್ಸಿಗೆ ಹಿಡಿದು ಜೋಡಿಸುವ, ಪೆಡಲ್ ಒತ್ತಿದಾಗ ಬಿಡಿಸುವ ಭಾಗ ಕ್ಲಚ್. ಅದು ಎರಡು ಬಗೆಯಲ್ಲಿ ಹೋಗುತ್ತದೆ, ಎರಡೂ ಒಂದಕ್ಕೊಂದು ತದ್ವಿರುದ್ಧ. ಹಿಡಿಯಬೇಕಾದಾಗ ಹಿಡಿಯದಿದ್ದರೆ ಸ್ಲಿಪ್: ಎಂಜಿನ್ ಕಿರುಚುತ್ತದೆ, ಲಾರಿ ಏರು ಹತ್ತುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಬಿಡಬೇಕಾದಾಗ ಬಿಡದಿದ್ದರೆ ಡ್ರ್ಯಾಗ್, ಅಂದರೆ ಎಳೆತ. ಪೆಡಲನ್ನು ತಳಕ್ಕೊತ್ತಿದರೂ ಎಂಜಿನ್ ಗೇರ್ ಬಾಕ್ಸನ್ನು ಎಳೆದುಕೊಂಡೇ ತಿರುಗುತ್ತದೆ; ಗೇರು ಬಿದ್ದರೂ ಕರಕರ ಎಂದೇ ಬೀಳುತ್ತದೆ.

ಎಂಜಿನ್ ಬದಲಿಸಿದ ಲಾರಿಗೆ ಹೆಚ್ಚಾಗಿ ಅಂಟುವುದು ಈ ಎರಡನೆಯ ರೋಗ. ಔಷಧಿ ಕೊಡುವುದು ಮಾತ್ರ ಮೊದಲನೆಯದಕ್ಕೆ. ತುಮಕೂರಿನ ಒಂದು ಗ್ಯಾರೇಜಿನಲ್ಲಿ ನಾನೂ ಎರಡು ಬಾರಿ ಹೊಸ ಕ್ಲಚ್ ಪ್ಲೇಟ್ ಹಾಕಿಸಿದೆ. ಗ್ಯಾರೇಜಿನ ಹೆಸರು ಬೇಡ, ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಪೆಡಲ್ ಒತ್ತಿದಾಗ ಪ್ಲೇಟಿನ ಒಂದೊಂದು ಮಗ್ಗುಲಿಗೆ ಸಿಗುವ ಬಿಡುವು ಒಂದು ಮಿಲಿಮೀಟರಿಗೂ ಕಡಿಮೆ. ಪೆಡಲಿನಿಂದ ಫ್ಲೈವೀಲಿನವರೆಗೆ (ಎಂಜಿನ್ನಿನ ಹಿಂದೆ ತಿರುಗುವ, ಪ್ಲೇಟ್ ಒತ್ತಿ ಕೂರುವ ಭಾರದ ಚಕ್ರ) ಎಲ್ಲಿ ಸ್ವಲ್ಪ ಚಲನೆ ಸೋರಿಹೋದರೂ ಈ ಬಿಡುವು ಮಾಯ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಮೊದಲು ಎಣ್ಣೆಯಲ್ಲಿ ಸೇರಿಕೊಂಡ ಗಾಳಿಯ ಮೇಲೆ ಅನುಮಾನ ಪಡಬೇಕು: ಪೆಡಲನ್ನು ಎರಡು ಮೂರು ಬಾರಿ ಒತ್ತಿದ ಮೇಲೆ ಗೇರು ಸಲೀಸಾಗಿ ಬಿದ್ದರೆ ಆ ಗಾಳಿಯನ್ನು ಹೊರಬಿಡುವ ಬ್ಲೀಡಿಂಗ್ ಸಾಕಾಗಬಹುದು. ಆಮೇಲೆ, ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ. 22 ಮಿಲಿಮೀಟರಿನದ್ದು ಇರಬೇಕಾದಲ್ಲಿ 19ರದ್ದು ಕೂರಿಸಿದರೆ, ನೋಡಲು ಮೂರೇ ಮಿಲಿಮೀಟರ್ ವ್ಯತ್ಯಾಸ, ಆದರೆ ತಳ್ಳುವ ಎಣ್ಣೆ ಕಾಲು ಭಾಗ ಕಡಿಮೆ. ಪೆಡಲ್ ಹಗುರವಾಗಿ ಹಿತವೆನಿಸುತ್ತದೆ. ಕ್ಲಚ್ ಪೂರ್ತಿ ಬಿಡುವುದಿಲ್ಲ.

ಒಳಗಿನ ಕಥೆ ಇನ್ನೂ ಸೂಕ್ಷ್ಮ. ಬಂದ ಎಂಜಿನ್ನಿನ ಫ್ಲೈವೀಲನ್ನು ಲೇತಿನಲ್ಲಿ ತುಂಬಾ ಉಜ್ಜಿಸಿದ್ದರೆ ಇಡೀ ಕ್ಲಚ್ ಅಷ್ಟೇ ದೂರ ಎಂಜಿನ್ನಿನ ಕಡೆಗೆ ಸರಿಯುತ್ತದೆ, ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ ರಿಲೀಸ್ ಬೇರಿಂಗ್ ಅದನ್ನು ಪೂರ್ತಿ ತಲುಪುವುದಿಲ್ಲ. ಕ್ಲಚ್ ಪ್ಲೇಟನ್ನು ತಿರುವುಮುರುವಾಗಿ ಹಾಕಿದರೆ ಅದರ ಸ್ಪ್ರಿಂಗ್ ಇರುವ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಬಹುದು. ನಾಚಿಕೆಯ ತಪ್ಪು, ಆದರೆ ಅಪರೂಪದ್ದಲ್ಲ.

ಗೇರ್ ಬಾಕ್ಸ್ ಇಳಿಸುವ ಮೊದಲೇ ಒಂದು ಪರೀಕ್ಷೆ ಇದೆ. ಚಕ್ರಗಳಿಗೆ ತಡೆಯಿಟ್ಟು, ಎಂಜಿನ್ ನಿಲ್ಲಿಸಿ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಕೆಳಗಿನ ಕಿಂಡಿಯ ಮುಚ್ಚಳ ತೆಗೆದು, ಇನ್ನೊಬ್ಬರಿಗೆ ಪೆಡಲ್ ಒತ್ತಲು ಹೇಳಿ ಟಾರ್ಚ್ ಬಿಟ್ಟು ನೋಡಬೇಕು. ಪ್ಲೇಟಿಗೆ ಬಿಡುವೇ ಸಿಗದಿದ್ದರೆ ದೋಷ ಹೆಚ್ಚಾಗಿ ತಳ್ಳುವ ಕಡೆ. ಬಿಡುವು ಕಣ್ಣಿಗೆ ಕಂಡರೂ ಗೇರು ಕೂಗುತ್ತಿದ್ದರೆ ಪೈಲಟ್ ಬೇರಿಂಗನ್ನು ಹಿಡಿಯಬೇಕು. ಗೇರ್ ಬಾಕ್ಸಿನ ಶಾಫ್ಟಿನ ತುದಿ ಕೂರುವ ಪುಟ್ಟ ಜಾಗ ಅದು, ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯಲ್ಲಿ ಇರುತ್ತದೆ. ಬೇರೆ ಎಂಜಿನ್ ಬಂದಾಗ ಅಳತೆ ಕೂಡದೆ ಬಿಗಿಯಾಗಿ ಕೂತರೆ, ಪ್ಲೇಟ್ ಬಿಟ್ಟರೂ ಶಾಫ್ಟನ್ನು ಅದೇ ತಿರುಗಿಸುತ್ತದೆ.

ನನ್ನ ಲಾರಿಯಲ್ಲಿ ಇದ್ದದ್ದು ಅದೇ.