ಗಬ್ಬದ ಎಮ್ಮೆಗೆ ಬ್ರುಸೆಲ್ಲಾ ಲಸಿಕೆ ಯಾಕೆ ಹಾಕಲ್ಲ?

ಪ್ರಶ್ನೆ: ಮುಂಬೈನ ಜೋಗೇಶ್ವರಿಯ ತಬೇಲಾ (ಎಮ್ಮೆ ಕೊಟ್ಟಿಗೆ) ಒಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಊರು ಕಲಬುರಗಿ ಕಡೆ. ಎಂಟು ತಿಂಗಳ ಗಬ್ಬದ ಎಮ್ಮೆಯೊಂದು ಕಂದು ಹಾಕಿತು. ಡಾಕ್ಟರು ಬ್ರುಸೆಲ್ಲಾ ಅಂದರು. ಉಳಿದವಕ್ಕಾದರೂ ಲಸಿಕೆ ಹಾಕಿ ಸಾರ್ ಅಂದರೆ, ಅದು ಹೆಣ್ಣು ಕರುಗಳಿಗೆ ಮಾತ್ರ ಅಂತಾರೆ. ಯಾಕೆ ಹೀಗೆ?

ಉತ್ತರ: ಡಾಕ್ಟರು ನಿಮ್ಮನ್ನು ಸಾಗಹಾಕಲು ಹೇಳಿದ್ದಲ್ಲ. ಬ್ರುಸೆಲ್ಲಾ ಅಂದ್ರೆ ದನ ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ ರೋಗ. ದನ ಕಟ್ಟಿದವರು ಆಗಾಗ ಕೇಳುವ ಪ್ರಶ್ನೆ ಇದು. ಕಾಲುಬಾಯಿ ಜ್ವರದ ಲಸಿಕೆ ದೊಡ್ಡ ಎಮ್ಮೆಗೂ ಹಾಕ್ತಾರೆ, ಗಳಲೆ ರೋಗದ್ದೂ ಹಾಕ್ತಾರೆ, ಇದಕ್ಕೇನು ಬಂತು ಅಂತ.

ಆ ಎರಡರಲ್ಲಿ ಇರುವುದು ಸತ್ತ ರೋಗಾಣು. ಬ್ರುಸೆಲ್ಲಾ ಲಸಿಕೆಯಲ್ಲಿ ಇರುವುದು ಜೀವಂತ ಬ್ಯಾಕ್ಟೀರಿಯಾ, ಡೋಸಿಗೆ ಸಾವಿರಾರು ಕೋಟಿ. ಯಾಕಂದ್ರೆ ಈ ರೋಗಾಣು, ತನ್ನನ್ನು ನುಂಗಿ ಮುಗಿಸಬೇಕಾದ ಜೀವಕೋಶದ ಒಳಗೇ ಹೋಗಿ ಬಿಡಾರ ಹೂಡುತ್ತದೆ. ರೋಗಾಣು ವಿರುದ್ಧ ದೇಹ ತಯಾರಿಸುವ, ರಕ್ತದಲ್ಲಿನ ಪ್ರತಿಕಾಯಗಳ ಕೈಗೆ ಅಲ್ಲಿ ಅದು ಸಿಗುವುದಿಲ್ಲ. ಸತ್ತ ರೋಗಾಣು ತೋರಿಸಿದರೆ ದೇಹ ಇದಕ್ಕೆ ಸರಿಯಾಗಿ ತಯಾರಾಗುವುದಿಲ್ಲ.

ನಮ್ಮಲ್ಲಿ ಬಳಸುವ ತಳಿ ಎಸ್-19. 1923ರಲ್ಲಿ ಅಮೆರಿಕದ ಜಾನ್ ಬಕ್ ಎಂಬುವರು ಜರ್ಸಿ ಹಸುವೊಂದರ ಹಾಲಿನಿಂದ ಬೇರ್ಪಡಿಸಿದ್ದು. ಲ್ಯಾಬಿನಲ್ಲಿ ವರ್ಷಕ್ಕೂ ಜಾಸ್ತಿ ಸುಮ್ನೆ ಬಿದ್ದಿತ್ತು. ಆಮೇಲೆ ನೋಡಿದರೆ ಅದರ ಖಾರ ಇಳಿದುಹೋಗಿತ್ತು! ಗಬ್ಬದ ದನದ ಕಸದಲ್ಲಿ (ಮಾಸು) ಎರಿಥ್ರಿಟಾಲ್ ಎಂಬ ಸಿಹಿ ವಸ್ತು ಇರುತ್ತದೆ. ಮಾಮೂಲಿ ಬ್ರುಸೆಲ್ಲಾಕ್ಕೆ ಅದು ಬಲು ಇಷ್ಟ, ಅದಕ್ಕೇ ಅಲ್ಲಿ ಹೋಗಿ ಬೆಳೆಯುತ್ತದೆ. ಎಸ್-19ಕ್ಕೆ ಅದು ಅರಗುವುದಿಲ್ಲ. ಹಾಗಂತ ಇದು ಪೂರ್ತಿ ಸಾಧುವೂ ಅಲ್ಲ. ಗಬ್ಬದ ಎಮ್ಮೆಗೆ ಪೂರ್ತಿ ಡೋಸ್ ಕೊಟ್ಟರೆ ಲಸಿಕೆಯಿಂದಲೇ ಕಂದು ಹಾಕಬಹುದು. ಗಂಡಿಗೆ ಕೊಟ್ಟರೆ ಬೀಜ ಬಾತುಕೊಳ್ಳಬಹುದು. ಹಾಕುವವರಿಗೇ ಸೂಜಿ ಚುಚ್ಚಿದರೆ ಅವರಿಗೂ ಜ್ವರ ಬರಬಹುದು.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತೊಡಕು ಪರೀಕ್ಷೆಯದು. ರೋಸ್ ಬೆಂಗಾಲ್ ಪರೀಕ್ಷೆ ನೋಡಿದ್ದೀರಾ? ಬಿಳಿ ತಟ್ಟೆ ಮೇಲೆ ಸೀರಂ (ರಕ್ತದ ತಿಳಿ) ಒಂದು ಹನಿ, ಗುಲಾಬಿ ದ್ರಾವಣ ಒಂದು ಹನಿ. ಕಡ್ಡಿಯಲ್ಲಿ ಕಲಸಿ 4 ನಿಮಿಷ ಅತ್ತಿತ್ತ ವಾಲಿಸುತ್ತಾರೆ. ರೋಗ ತಗುಲಿದ್ದರೆ ಸೀರಂನಲ್ಲಿರುವ ಪ್ರತಿಕಾಯಗಳಿಂದ ಹನಿ ರವೆ ರವೆಯಾಗಿ ಒಡೆಯುತ್ತದೆ. ದೊಡ್ಡ ಎಮ್ಮೆಗೆ ಎಸ್-19 ಹಾಕಿದರೂ ಹಾಗೇ ಒಡೆಯುತ್ತದೆ, ಅದೂ ಬಹಳ ಕಾಲ. ಆಗ ರೋಗದ ಎಮ್ಮೆ ಯಾವುದು, ಲಸಿಕೆಯ ಎಮ್ಮೆ ಯಾವುದು? 4ರಿಂದ 8 ತಿಂಗಳ ಕರುವಿಗೆ ಹಾಕಿದರೆ, ದೊಡ್ಡದಾಗುವಷ್ಟರಲ್ಲಿ ಹೆಚ್ಚಿನವಲ್ಲಿ ಆ ಪ್ರತಿಕಾಯ ಇಳಿದಿರುತ್ತದೆ, ರಕ್ಷಣೆ ಉಳಿದಿರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲೂ ಇದೇ ವಯಸ್ಸು, ಜೀವಮಾನಕ್ಕೆ ಒಂದೇ ಸಲ.

ಹೊಸ ಲಸಿಕೆ ಹುಡುಕುವವರಿಗೆ ತಲೆನೋವಾಗಿರುವುದೂ ಇದೇ. ಅಮೆರಿಕದಲ್ಲಿ 1996ರಿಂದ ಆರ್‌ಬಿ-51 ಎಂಬ ಇನ್ನೊಂದು ಲಸಿಕೆ ತಳಿ ಬಳಕೆಗೆ ಬಂತು. ಆ ಪರೀಕ್ಷೆ ಗುರುತಿಸುವ ಹೊರಕವಚದ ಸರಪಳಿ ಇದರಲ್ಲಿಲ್ಲ, ಹಾಗಾಗಿ ಗೊಂದಲವಿಲ್ಲ. ಆದರೆ ಮನುಷ್ಯರ ಬ್ರುಸೆಲ್ಲಾಕ್ಕೆ ಕೊಡುವ ರಿಫಾಂಪಿಸಿನ್ ಔಷಧಿಗೇ ಇದು ಬಗ್ಗುವುದಿಲ್ಲ! 2017ರಲ್ಲಿ ಅಲ್ಲಿ ಹಸಿ ಹಾಲು ಕುಡಿದವರಿಗೆ ಈ ಲಸಿಕೆಯ ತಳಿಯೇ ತಗುಲಿತ್ತು. ನಮ್ಮ ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಎಸ್-19ರ ಜೀನ್ ಒಂದನ್ನು ತಿದ್ದಿ ಹೊಸ ತಳಿ ಮಾಡಿದ್ದಾರೆ. ಕೆಲವು ದೇಶಗಳಲ್ಲಿ ಡೋಸ್ ತಗ್ಗಿಸಿ ಅಥವಾ ಕಣ್ಣಿಗೆ ಹನಿ ಬಿಟ್ಟು ದೊಡ್ಡ ಹಸುಗಳಿಗೂ ಕೊಡುವುದುಂಟು. ಅದನ್ನು ತೀರ್ಮಾನಿಸುವುದು ಪಶುವೈದ್ಯರು; ಅಂಗಡಿಯಿಂದ ತಂದು ಹಾಕಿಸುವ ಲಸಿಕೆಯಲ್ಲ ಇದು.

ಮುಂಬೈ ತಬೇಲಾಗಳ ಕಷ್ಟವೇ ಬೇರೆ ಅಲ್ವಾ. ಅಲ್ಲಿ ಕರು ಸಾಕಿ ದೊಡ್ಡದು ಮಾಡುವುದು ಕಡಿಮೆ. ಹರಿಯಾಣ, ಗುಜರಾತ್ ಕಡೆಯಿಂದ ಈದ ಎಮ್ಮೆಗಳನ್ನೇ ತರಿಸುತ್ತಾರೆ. ಲಸಿಕೆ ಬೀಳಬೇಕಿದ್ದ ವಯಸ್ಸು ಬೇರೆ ಯಾರದೋ ಕೊಟ್ಟಿಗೆಯಲ್ಲಿ ಕಳೆದಿರುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಪರೀಕ್ಷೆ ಮತ್ತು ಎಚ್ಚರ. ಎಲ್ಲವುಗಳ ರಕ್ತ ಪರೀಕ್ಷೆ ಮಾಡಿಸಿ. ಸೋಂಕಿದ್ದದ್ದನ್ನು ಬೇರೆ ಕಟ್ಟಿ. ಪಕ್ಕದ ತಬೇಲಾಕ್ಕೆ ಮಾರಿ ಕೈತೊಳೆದುಕೊಳ್ಳುವವರಿದ್ದಾರೆ, ದಯವಿಟ್ಟು ಬೇಡ. ಕಂದು, ಕಸ ಎರಡನ್ನೂ ಬರಿಗೈಲಿ ಮುಟ್ಟದೆ ಸುಣ್ಣ ಹಾಕಿ ಆಳಕ್ಕೆ ಹೂಳಿಸಿ. ಹಾಲು ಕುದಿಸದೆ ಯಾರೂ ಕುಡಿಯಬಾರದು, ಹಾಲು ಕರೆಯುವ ಹುಡುಗರೂ ಸೇರಿ. ಅವರಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲುನೋವು, ರಾತ್ರಿ ಬೆವರು ಇದ್ದರೆ ಆಸ್ಪತ್ರೆಯಲ್ಲಿ ಎಮ್ಮೆಯ ವಿಷಯವನ್ನೂ ಹೇಳಲಿ.

ಮುಂದಿನ ಸಲ ಎಮ್ಮೆ ಕೊಳ್ಳುವಾಗ ಕಿವಿಯ 12 ಅಂಕಿಯ ಓಲೆ ನೋಡಿ. ಆ ನಂಬರ್ ಹಾಕಿ ಕರುವಿದ್ದಾಗ ಲಸಿಕೆ ಬಿದ್ದ ದಾಖಲೆ ಇದೆಯಾ ಅಂತ ಡಾಕ್ಟರಿಗೆ ಕೇಳಿ. ಇದ್ದರೂ ಇಲ್ಲದಿದ್ದರೂ ರಕ್ತದ ರಿಪೋರ್ಟ್ ಬರುವ ತನಕ ಹೊಸ ಎಮ್ಮೆಯನ್ನು ಸಾಲಿನಲ್ಲಿ ಕಟ್ಟಬೇಡಿ.