ಒಬ್ಬರು ಓದಿದರೆ ಹತ್ತು ಮಂದಿ ಕೇಳುವ ವಾರ್ಡು

ಮಾನಸಿಕ ಕಾಯಿಲೆಯವರಿಗೆ ಪುಸ್ತಕ ಓದಿಸುವ ಯೋಚನೆ ಹಳೆಯದು. 19ನೇ ಶತಮಾನದಲ್ಲೇ ಯುರೋಪ್, ಅಮೆರಿಕದ ಕೆಲವು ಮಾನಸಿಕ ಆಸ್ಪತ್ರೆಗಳಲ್ಲಿ ಗ್ರಂಥಾಲಯಗಳಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಹೆಲೆನ್ ಗ್ಯಾಸ್ಕೆಲ್ ಗಾಯಾಳು ಸೈನಿಕರಿಗೆ ಪುಸ್ತಕ ಕಳಿಸುವ ಏರ್ಪಾಡು ಮಾಡಿದರು. ಆದರೆ ಹೆಚ್ಚಾಗಿ ರೋಗಿ ತಾನೇ ಕೂತು ಓದಿಕೊಳ್ಳಬೇಕಿತ್ತು.

ಖಿನ್ನತೆ ಬಂದವರಿಗೆ ಒಂದು ಪುಟ ದಾಟುವುದೇ ಕಷ್ಟ. ಓದಿದ ಸಾಲು ತಲೆಯಲ್ಲಿ ನಿಲ್ಲುವುದಿಲ್ಲ. ಕೆಲವು ಮಾತ್ರೆಗಳಿಂದ ಮಂಪರು ಬೇರೆ. ಕೊಟ್ಟ ಪುಸ್ತಕ ಸುಮ್ನೆ ದಿಂಬಿನ ಪಕ್ಕ ಬಿದ್ದಿರುತ್ತದೆ.

2000ರ ದಶಕದ ಆರಂಭದಲ್ಲಿ ಲಿವರ್‌ಪೂಲ್ ಭಾಗದಲ್ಲಿ ಜೇನ್ ಡೇವಿಸ್ ಶುರುಮಾಡಿದ ಓದುಗುಂಪುಗಳಲ್ಲಿ ರೀತಿ ಬದಲಾಯಿತು. ಯಾರೂ ಓದಿಕೊಂಡು ಬರಬೇಕಿಲ್ಲ. ಒಬ್ಬರು ಕತೆಯನ್ನೋ ಕವಿತೆಯನ್ನೋ ನಿಧಾನವಾಗಿ, ಗಟ್ಟಿಯಾಗಿ ಓದುತ್ತಾರೆ. ನಡುನಡುವೆ ನಿಲ್ಲಿಸಿ ಮಾತಾಡುತ್ತಾರೆ. ಮಾತಾಡದೆ ಕೂತರೂ ಆಯಿತು. ನಿಮಗೇನಾಗಿದೆ ಅಂತ ಯಾರೂ ಕೆದಕುವುದಿಲ್ಲ, ಮಾತೆಲ್ಲ ಕತೆಯೊಳಗಿನವರ ಬಗ್ಗೆ. ಮುಂದೆ ಇದು ಮಾನಸಿಕ ಆಸ್ಪತ್ರೆಗಳ ವಾರ್ಡಿಗೂ ಬಂತು, ಲಿವರ್‌ಪೂಲ್ ವಿಶ್ವವಿದ್ಯಾಲಯ ಅಧ್ಯಯನಗಳನ್ನೂ ಮಾಡಿತು. (ಮಾತ್ರೆ ಬಿಟ್ಟು ಪುಸ್ತಕ ಹಿಡಿಯಿರಿ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.)

ಇದರಲ್ಲಿ ಕೇರಳದ ಗಡಿನಾಡು ಕಾಸರಗೋಡಿನ ಕನ್ನಡಿಗರಿಗೆ ಹೊಸತೇನಿದೆ ಅಲ್ವಾ? ಪುರಾಣ ವಾಚನದಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆಯಲ್ಲಂತೂ ಪದ್ಯಕ್ಕಿಂತ ಮಾತೇ ಜಾಸ್ತಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ತಿರುವಾಂಕೂರಿನಲ್ಲಿ ಶುರುಮಾಡಿದ ಗ್ರಂಥಶಾಲಾ ಚಳವಳಿಯ ಫಲವೂ, 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ, ಈ ನೆಲಕ್ಕೆ ಸಿಕ್ಕಿತು.

ತೊಡಕಿರುವುದು ಭಾಷೆಯಲ್ಲಿ. ಕೇರಳ ಸರ್ಕಾರದ ದೊಡ್ಡ ಮಾನಸಿಕ ಆರೋಗ್ಯ ಕೇಂದ್ರಗಳು ತಿರುವನಂತಪುರ, ತೃಶೂರು ಮತ್ತು ಕೋಝಿಕ್ಕೋಡಿನಲ್ಲಿವೆ. ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ಮಂಜೇಶ್ವರದ ಹೆಂಗಸೊಬ್ಬರು ಕೋಝಿಕ್ಕೋಡಿನಲ್ಲಿ ದಾಖಲಾದರು ಅಂತಿಟ್ಟುಕೊಳ್ಳಿ. ಅಲ್ಲಿ ಮಲಯಾಳಂ ಕತೆ ಓದಿದರೆ ಅವರು ಇನ್ನಷ್ಟು ಒಂಟಿಯಾಗುತ್ತಾರೆ. ಗಡಿನಾಡಿನ ಜನ ಚಿಕಿತ್ಸೆಗೆ ಮಂಗಳೂರಿನತ್ತ ಮುಖ ಮಾಡುವುದಕ್ಕೆ ದೂರದ ಜತೆ ಭಾಷೆಯೂ ಕಾರಣ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ಕಟ್ಟಿತು.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು. ಆಸ್ಪತ್ರೆಯಲ್ಲಿ ಮನರಂಜನೆಗೆ, ಕಲಿಕೆಗೆ ಅನುಕೂಲ ಇರಬೇಕು. ಕನ್ನಡ ಓದುಗುಂಪು ಬೇಕೆಂದು ಕೇಳಲು ಇಷ್ಟು ಆಧಾರ ಸಾಕು. ಖರ್ಚೂ ಹೆಚ್ಚಿಲ್ಲ: ಒಂದೇ ಕೂರಿಕೆಯಲ್ಲಿ ಮುಗಿಯುವ ಕತೆಗಳು, ಓದಲು ಬರುವ ಒಬ್ಬರು. ಡಿಸ್ಚಾರ್ಜ್ ಆದ ಮೇಲೆ ಊರಿನ ಗ್ರಂಥಾಲಯದಲ್ಲಿ ಓದು ಮುಂದುವರಿಯಲಿ. ಆದರೆ ಅಲ್ಲಿ ಎಲ್ಲರೂ ಬರುವಂತಿರಬೇಕು. ರೋಗಿಗಳ ಗುಂಪು ಅಂತ ಬೋರ್ಡು ಹಾಕಿದರೆ ಒಬ್ಬರೂ ಬರುವುದಿಲ್ಲ.